ಅವ್ವನ ತಲೆಯ ಮೇಲಿನ ಪಾಪದ ಗಂಟು

ಒಳ್ಳೆಯ ತಾಯಿ ಯಾರು ಎಂದು ಈ ದೇಶದಲ್ಲಿ ಯಾರೂ ಕೇಳಲಿಲ್ಲ. ಕೇಳದೆಯೇ ಉತ್ತರ ಹೇಳಿದವರು ಮಾತ್ರ ಸಾವಿರಾರು ಮಂದಿ. ಪುರಾಣದವರು ಹೇಳಿದರು, ಮಠದವರು ಹೇಳಿದರು, ಪಠ್ಯಪುಸ್ತಕ ಬರೆದವರು ಹೇಳಿದರು, ಸಿನಿಮಾ ತೆಗೆದವರು ಹೇಳಿದರು. ಈಗ ಬೆಳೆಯುವ ಮಕ್ಕಳಿಗೆ ಅಂತ ಡಬ್ಬಿ ಪುಡಿ ಮಾರುವ ಕಂಪೆನಿಯವರೂ ಹೇಳುತ್ತಿದ್ದಾರೆ. ಇಷ್ಟು ಜನರಲ್ಲಿ ಒಬ್ಬರಾದರೂ ನಮ್ಮ ಕೇರಿಗೆ ಬಂದು, ದಿನವೆಲ್ಲ ಕಳೆ ಕಿತ್ತು ಸಂಜೆ ಜಗಲಿಯ ಮೇಲೆ ಕಾಲು ಚಾಚಿದ ಹೆಂಗಸನ್ನು 'ನೀನೇನಂತೀಯವ್ವ?' ಎಂದು ಕೇಳಿದ್ದಿಲ್ಲ. ಆದರೆ ಅವರೆಲ್ಲ ಸೇರಿ ಕಡೆದಿಟ್ಟ ಆ ಒಳ್ಳೆಯ ತಾಯಿಯ ಅಳತೆಗೋಲು ಮಾತ್ರ ಕೇರಿಯ ಒಂದೊಂದು ಬಾಗಿಲಿಗೂ ಬಂದು ನಿಂತಿದೆ.

ಮಗುವಿನ ತೂಕ ಕಡಿಮೆಯೇ? ತಾಯಿಗೆ ತಿಳುವಳಿಕೆ ಇಲ್ಲ. ಮಗ ಶಾಲೆ ಬಿಟ್ಟನೇ? ತಾಯಿಗೆ ಜವಾಬ್ದಾರಿ ಇಲ್ಲ. ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದಳೇ? ತಾಯಿ ಸರಿಯಾಗಿ ಬೆಳೆಸಲಿಲ್ಲ. ಹುಡುಗ ಕುಡಿತ ಕಲಿತನೇ? ತಾಯಿ ಸಲಿಗೆ ಕೊಟ್ಟಳು. ಕೂಸು ಜ್ವರದಲ್ಲಿ ಕಣ್ಣು ಮುಚ್ಚಿತೇ? 'ನಿನ್ನೇನೇ ಯಾಕೆ ಕರಕೊಂಡ್ ಬರಲಿಲ್ಲ, ನೀನೂ ಒಬ್ಬ ತಾಯೇನಮ್ಮ?' ನಿನ್ನೆ ಬಂದಿದ್ದರೆ ನಿನ್ನೆಯ ಕೂಲಿ ಹೋಗುತ್ತಿತ್ತು, ಬಸ್ಸು ಇರಲಿಲ್ಲ, ಡಾಕ್ಟರು ಇರಲಿಲ್ಲ. ಇದನ್ನೆಲ್ಲ ಹೇಳಲು ಆಕೆಗೆ ಬಾಯಿ ಬರುವುದಿಲ್ಲ. ಕೊನೆಗೆ ಆಕೆಯೇ ಹಣೆ ಬಡಿದುಕೊಂಡು ಹೇಳುತ್ತಾಳೆ: 'ನಾನೇ ಪಾಪಿ.'

ಈ ಮಾತು ಆಕೆಯದಲ್ಲ. ಆಕೆಯ ಬಾಯಲ್ಲಿ ಬೇರೆಯವರು ಆಡಿಸುತ್ತಿರುವ ಮಾತು. ಇದನ್ನು ಆಡಿಸುತ್ತಿರುವವರು ಯಾರು, ಇದರಿಂದ ಲಾಭ ಯಾರಿಗೆ, ಇದನ್ನು ಬಿಡಿಸುವುದು ಹೇಗೆ ಎಂದು ಕೇಳುವ ಕಾಲ ಬಂದಿದೆ. ಕೇಳುತ್ತಿರುವ ನಾವು ಕೇರಿಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳು. ನಮ್ಮಲ್ಲಿ ಕೆಲವರು ಈಗ ತಾಯಂದಿರು, ಕೆಲವರು ಆಗುವವರು, ಕೆಲವರು ಆಗಲೊಲ್ಲೆವು ಎಂದವರು. ಮೂವರಿಗೂ ಈ ಪ್ರಶ್ನೆಯಿಂದ ಬಿಡುಗಡೆ ಇಲ್ಲ.

*

'ಪಾಪಪ್ರಜ್ಞೆ' ಎಂಬ ಮಾತು ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಬಹಳ ಕಾಲ ಓಡಾಡಿದೆ. ಪಟ್ಟಣದ ಓದಿದ ನಾಯಕ ಕಿಟಕಿಯ ಪಕ್ಕ ಕೂತು ಅನುಭವಿಸುವ ಸೂಕ್ಷ್ಮ ಸಂಕಟಕ್ಕೆ ನವ್ಯದವರು ಆ ಹೆಸರಿಟ್ಟರು. ನಮಗೆ ಪಾಪ ಗೊತ್ತಿರುವುದು ಬೇರೆ ಥರ. ಹಿಂದಿನ ಜನ್ಮದಲ್ಲಿ ಪಾಪ ಮಾಡಿದ್ದಿರಿ, ಅದಕ್ಕೇ ಈ ಜಾತಿಯಲ್ಲಿ ಹುಟ್ಟಿದಿರಿ ಎಂದು ನಮ್ಮ ತಾತ ಮುತ್ತಾತಂದಿರಿಗೆ ಹೇಳಿದ್ದರು. ಅವರು ನಂಬಿದ್ದರು. ನಂಬಿದ್ದರಿಂದಲೇ ಸತ್ತ ದನ ಹೊತ್ತರು, ಬಾವಿಯಿಂದ ದೂರ ನಿಂತರು, ಹೊಡೆದವನಿಗೇ ಕೈಮುಗಿದರು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟಾಗ ಆ ಸುಳ್ಳಿಗೇ ಬೆಂಕಿ ಬಿತ್ತು. ಇವತ್ತು ಕೇರಿಯ ಹುಡುಗನೊಬ್ಬನಿಗೆ 'ನಿನ್ನ ಕರ್ಮದಿಂದ ನೀನು ಹೊಲೆಯನಾಗಿ ಹುಟ್ಟಿದೆ' ಅಂತ ಹೇಳಿ ನೋಡಿ. ಹಲ್ಲು ಉದುರಿಸುತ್ತಾನೆ.

ಆದರೆ ಅದೇ ಹುಡುಗನ ಅವ್ವ? ಹುಟ್ಟಿದ ಪಾಪ ಕಳೆಯಿತು, ಹೆತ್ತ ಪಾಪ ಉಳಿಯಿತು. ಎರಡೂ ಮಾಡುವ ಕೆಲಸ ಒಂದೇ. ಬೆನ್ನಿನ ಮೇಲೆ ಏಟು ಬಿದ್ದಾಗ ಹೊಡೆದವನ ಕಡೆ ತಿರುಗಿ ನೋಡದಂತೆ, ತನ್ನ ಬೆನ್ನನ್ನೇ ತಾನು ಬೈದುಕೊಳ್ಳುವಂತೆ ಮಾಡುವುದು. ಜಮೀನ್ದಾರನಿಗೆ, ಗುತ್ತಿಗೆದಾರನಿಗೆ, ಸರ್ಕಾರಕ್ಕೆ, ಮನೆಯ ಗಂಡಸಿಗೆ ಇದಕ್ಕಿಂತ ಅಗ್ಗದ ಪೊಲೀಸು ಎಲ್ಲಿ ಸಿಗುತ್ತಾನೆ? ಸಂಬಳ ಬೇಡ, ಲಾಠಿ ಬೇಡ. ಹೆಂಗಸಿನ ಎದೆಯೊಳಗೇ ಕೂತು ಹಗಲೂ ರಾತ್ರಿ ಕಾವಲು ಕಾಯುತ್ತಾನೆ.

*

ಒಂದನೇ ತರಗತಿಯ ಪುಸ್ತಕದಲ್ಲಿ ತಾಯಿಯ ಚಿತ್ರ ಹೇಗಿತ್ತು ನೆನಪಿಸಿಕೊಳ್ಳಿ. ಮಡಿಸಿ ಉಟ್ಟ ಸೀರೆ, ಒರೆಸಿದ ಅಡಿಗೆಮನೆ, ದೀಪ, ತಟ್ಟೆಯಲ್ಲಿ ತಿಂಡಿ. ಮಗು ಶಾಲೆಯಿಂದ ಬರುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತಿದ್ದಾಳೆ. ಆ ಚಿತ್ರ ಬಿಡಿಸಿದವನು ಒಂದನ್ನು ಬಿಟ್ಟಿದ್ದಾನೆ. ಆ ಮನೆಯ ಹಿತ್ತಲಲ್ಲಿ ಸಗಣಿ ಬಾಚುತ್ತಿರುವ ಹೆಂಗಸನ್ನು, ಆ ಮನೆಯ ಅಕ್ಕಿ ಬೆಳೆದ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುತ್ತಿರುವ ಹೆಂಗಸನ್ನು. ಅವಳು ನಮ್ಮವ್ವ. ಚಿತ್ರದ ತಾಯಿ ಬಾಗಿಲಲ್ಲಿ ಕಾಯಲು ಸಾಧ್ಯವಾಗಿರುವುದೇ ನಮ್ಮವ್ವ ತನ್ನ ಮಗುವನ್ನು ಕಾಯದೆ ಅವರ ಹೊಲದಲ್ಲಿ ಇರುವುದರಿಂದ. ಒಬ್ಬಳ ಬಿಡುವು ಇನ್ನೊಬ್ಬಳ ದುಡಿಮೆಯಿಂದ ಬಂತು. ಆಮೇಲೆ ಬಿಡುವಿದ್ದವಳು ಆದರ್ಶವಾದಳು, ದುಡಿದವಳು ಅಜಾಗರೂಕಳಾದಳು. ಇದು ನ್ಯಾಯವೇ?

ಎಷ್ಟೋ ಊರುಗಳಲ್ಲಿ ಮೇಲ್ಜಾತಿಯ ಮನೆಯ ಹೆರಿಗೆಗೆ ಕೇರಿಯ ಸೂಲಗಿತ್ತಿಯೇ ಬೇಕಾಗಿತ್ತು. ಹೊಕ್ಕುಳಬಳ್ಳಿ ಕೊಯ್ಯಲು ಅವಳ ಕೈ ಆಗುತ್ತಿತ್ತು. ರಕ್ತ ಬಳಿಯಲು, ಮೈಲಿಗೆ ಬಟ್ಟೆ ಒಗೆಯಲು ಆಗುತ್ತಿತ್ತು. ಬಾಣಂತಿಗೆ ನೀರು ಹಾಕಿ ಮುಗಿದ ಮೇಲೆ ಅವಳು ಮತ್ತೆ ಮುಟ್ಟಬಾರದವಳು. ಅವರ ಮನೆಯಲ್ಲಿ ಬಾಣಂತನ ತಿಂಗಳುಗಟ್ಟಲೆ: ಹೊಗೆ, ಎಣ್ಣೆ, ಖಾರ, ತುಪ್ಪ. ನಮ್ಮವ್ವಂದಿರು ತಿಂಗಳು ತುಂಬುವ ಮುಂಚೆ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಕಳೆಗೆ ಹೋದವರು. ಹೊತ್ತು ನೆತ್ತಿಗೇರುವಾಗ ಎದೆ ಬಿಗಿದು ಹಾಲು ರವಿಕೆಗೆ ಇಳಿಯುತ್ತಿದ್ದರೂ ಸಾಲು ಮುಗಿಯದೆ ಮೇಲೇಳುವಂತಿರಲಿಲ್ಲ. ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಕೂಸು ಅತ್ತು ಅತ್ತು ಮಲಗುತ್ತಿತ್ತು. ಈ ತಾಯಿಯ ಬಗ್ಗೆ ಯಾವ ಪುಸ್ತಕವೂ ಪಾಠ ಮಾಡಲಿಲ್ಲ.

ಪಾಠ ಮಾಡಿದ್ದು ಪುಣ್ಯಕೋಟಿಯ ಬಗ್ಗೆ. ಗೋವಿನ ಹಾಡನ್ನು ನಾವೂ ಅತ್ತುಕೊಂಡೇ ಕಲಿತೆವು, ಮಕ್ಕಳಿಗೂ ಕಲಿಸುತ್ತೇವೆ. ಕೊಟ್ಟ ಮಾತಿಗೆ ತಪ್ಪದ ತಾಯಿ, ಹುಲಿಯ ಬಾಯಿಗೆ ತಾನೇ ನಡೆದು ಹೋದ ತಾಯಿ. ಮೇಷ್ಟರು ಅಷ್ಟಕ್ಕೇ ನಿಲ್ಲಿಸಿ 'ಸತ್ಯ, ತ್ಯಾಗ' ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಆ ಹಾಡಿನಲ್ಲಿ ಇನ್ನೂ ಒಂದು ವಿಷಯ ಇದೆ. ಪುಣ್ಯಕೋಟಿ ಹೊರಡುವ ಮುಂಚೆ ತನ್ನ ಕರುವನ್ನು ಹಟ್ಟಿಯ ಉಳಿದ ಹಸುಗಳ ಕೈಗೆ ಒಪ್ಪಿಸುತ್ತಾಳೆ, ನಿಮ್ಮದೇ ಮಗು ಅಂತ ನೋಡಿಕೊಳ್ಳಿ ಎಂದು ಕೇಳಿಕೊಳ್ಳುತ್ತಾಳೆ. ಮಗುವನ್ನು ಸಾಕುವುದು ಒಬ್ಬಳ ಕೆಲಸ ಅಲ್ಲ, ಇಡೀ ಹಟ್ಟಿಯ ಕೆಲಸ ಅನ್ನುವುದು ಆ ಹಸುವಿಗೆ ಗೊತ್ತಿತ್ತು. ಈ ಪಾಠವನ್ನು ನಮಗೆ ಯಾಕೆ ಹೇಳಿಕೊಡಲಿಲ್ಲ? ಇನ್ನೂ ಒಂದು. ಹಾಡಿನ ಹುಲಿ ನಾಚಿಕೊಂಡು ಪ್ರಾಣ ಬಿಟ್ಟಿತು. ನಮ್ಮೂರ ಹುಲಿಗಳು ಹಾಗೆ ಸಾಯುವುದಿಲ್ಲ. ತಾನೇ ನಡೆದು ಬಂದ ತಾಯಿಯನ್ನು ತಿಂದು, ಮಾರನೇ ದಿನ ಕರುವಿಗೂ ಹೇಳಿ ಕಳಿಸುತ್ತವೆ.

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಅಂತ ಗಾದೆ. ಆಗಲಿ. ಆದರೆ ನೂಲು ಕೊಟ್ಟವನು ಯಾರು? ಮಗ್ಗ ಯಾರದು? ಕೊಳೆತ ನೂಲು ಕೊಟ್ಟು ಒಳ್ಳೆ ಸೀರೆ ನೇಯಲಿಲ್ಲ ಅಂತ ನೇಯುವವಳಿಗೆ ದಂಡ ಹಾಕುವವರನ್ನು ಏನೆಂದು ಕರೆಯಬೇಕು?

*

ಸರ್ಕಾರದ ಲೆಕ್ಕಕ್ಕೆ ಬರೋಣ. ಹೆರಿಗೆ ಸೌಲಭ್ಯದ ಕಾಯಿದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿಯಲ್ಲಿ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನೆಯ ಕೊಠಡಿ ಇರಬೇಕು ಎಂದೂ ಆಯಿತು. ಒಳ್ಳೆಯದೇ, ಸ್ವಾಗತಿಸುತ್ತೇವೆ. ಆದರೆ ಈ 26 ವಾರ ಯಾರಿಗೆ? ಕಾರ್ಖಾನೆಯ, ಕಛೇರಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವಳಿಗೆ. ನಾಟಿ ಹಾಕುವವಳಿಗೆ ಹಾಜರಿ ಪುಸ್ತಕ ಎಲ್ಲಿದೆ? ಮನೆಗೆಲಸದವಳಿಗೆ, ಇಟ್ಟಿಗೆ ಗೂಡಿನವಳಿಗೆ, ಗುಳೆ ಹೋಗಿ ಕಬ್ಬು ಕಡಿಯುವವಳಿಗೆ ಧಣಿ ಯಾರು ಅನ್ನುವುದೇ ಕಾಗದದಲ್ಲಿ ಇಲ್ಲ.

ಅವಳಿಗೆ ಬೇರೆ ಯೋಜನೆ ಇದೆ. 2013ರ ಆಹಾರ ಭದ್ರತಾ ಕಾಯಿದೆ ಪ್ರತಿ ಗರ್ಭಿಣಿಗೂ ಬಾಣಂತಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕು ಎಂದಿತು. 2017ರಲ್ಲಿ ಬಂದ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ 5,000 ಎಂದಿತು. 2022ರಲ್ಲಿ ನಿಯಮ ಬದಲಾಗಿ, ಎರಡನೆಯದು ಹೆಣ್ಣಾದರೆ ಮಾತ್ರ 6,000 ಎಂದಾಯಿತು. ಕೂಲಿ ನಷ್ಟಕ್ಕೆ ಭಾಗಶಃ ಪರಿಹಾರ ಎಂದು ಯೋಜನೆಯೇ ಹೇಳಿಕೊಳ್ಳುತ್ತದೆ. ಹಾಗಾದರೆ ಲೆಕ್ಕ ಹಾಕಿ. 26 ವಾರ ಅಂದರೆ 182 ದಿನ. 5,000 ರೂಪಾಯಿಯನ್ನು 182ರಿಂದ ಭಾಗಿಸಿದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ. ಹೆಸರು ವಂದನೆ, ಕೊಡುವುದು ದಿನಕ್ಕೆ 27 ರೂಪಾಯಿ! ಇಷ್ಟರಲ್ಲಿ ಆರು ತಿಂಗಳು ಎದೆಹಾಲನ್ನೇ ಕುಡಿಸಿ ಎಂದು ಗೋಡೆಯ ಮೇಲೆ ಬರೆಸುತ್ತಾರೆ. ಆರು ತಿಂಗಳು ಕುಡಿಸಬೇಕು ಅನ್ನುವುದು ಸರಿಯಾದ ಮಾತೇ, ವೈದ್ಯಶಾಸ್ತ್ರದ ಮಾತು. ಆದರೆ ಆರು ತಿಂಗಳು ತಾಯಿಯನ್ನು ಮಗುವಿನ ಹತ್ತಿರ ಇರಲು ಬಿಡದವರು ಆ ಗೋಡೆ ಬರಹ ಬರೆಸಿದರೆ ಅದು ಆರೋಗ್ಯ ಶಿಕ್ಷಣ ಅಲ್ಲ, ಗಾಯದ ಮೇಲೆ ಉಪ್ಪು.

ಇನ್ನು ಅಪೌಷ್ಟಿಕತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ತನ್ನ ಮೈಯಲ್ಲೇ ರಕ್ತ ಇಲ್ಲದವಳು ಮಗುವಿಗೆ ಎಲ್ಲಿಂದ ತರಬೇಕು? 2021ರ ಡಿಸೆಂಬರಿನಲ್ಲಿ ರಾಜ್ಯದ 7 ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ವಿರೋಧಿಸಿ ಎದ್ದು ನಿಂತವರು ಯಾರು? ನಮ್ಮ ಅವ್ವಂದಿರಲ್ಲ. ಕೆಲವು ಮಠಾಧೀಶರು. ಬೇರೆ ಮಕ್ಕಳ ತಟ್ಟೆಯ ಮೊಟ್ಟೆಯಿಂದ ಇವರ ಧರ್ಮ ಕೆಡುತ್ತದಂತೆ. ಗಂಗಾವತಿಯಲ್ಲಿ ಶಾಲೆಯ ಹುಡುಗಿಯರೇ 'ಮೊಟ್ಟೆ ನಮಗೆ ಬೇಕು' ಎಂದು ಎದುರು ನಿಂತು ಮಾತಾಡಿದರು. ಮಗುವಿನ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳಲು ಬಂದವರಿಗೆ ಪಾಪ ಇಲ್ಲ, ಮೊಟ್ಟೆ ಕೊಳ್ಳಲು ದುಡ್ಡಿಲ್ಲದ ತಾಯಿಗೆ ಪಾಪ. ಎಂಥ ಧರ್ಮಶಾಸ್ತ್ರ ಇದು!

*

ಈಗ ಎಲ್ಲಕ್ಕಿಂತ ಕಷ್ಟದ ಮಾತಿಗೆ ಬರುತ್ತೇವೆ. ಅವ್ವ ಕೂಲಿಗೆ ಹೋದಾಗ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ?

ಅಂಗನವಾಡಿ ಇದೆಯಲ್ಲ ಅನ್ನುತ್ತೀರಿ. ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕಾವೇರಿ ಬಯಲಿನ ಆ ಗದ್ದೆಗಳಲ್ಲಿ ಬಗ್ಗಿದ ಬೆನ್ನುಗಳು ಯಾರವು ಎಂದು ಬಲ್ಲವರಿಗೆ ಗೊತ್ತು. ಈ ಐವತ್ತು ವರ್ಷದಲ್ಲಿ ಅಂಗನವಾಡಿ ಎಷ್ಟೋ ಜೀವ ಉಳಿಸಿದೆ, ಅದನ್ನು ಮರೆಯುವಷ್ಟು ಕೃತಘ್ನರು ನಾವಲ್ಲ. ಆದರೆ ಅಲ್ಲಿ ದಿನಾ ಕೂತು ಕಲಿಯುವುದು 3ರಿಂದ 6 ವರ್ಷದ ಮಕ್ಕಳು. ಮೂರು ತುಂಬದ ಕೂಸು ಎಲ್ಲಿರಬೇಕು? ಸಾಯಂಕಾಲ ಅಂಗನವಾಡಿಯ ಬಾಗಿಲು ಹಾಕಿದ ಮೇಲೂ ಹೊಲದ ಕೆಲಸ ಬಿಡುವುದಿಲ್ಲ. ಆ ನಡುವಿನ ಹೊತ್ತು ಯಾರ ಪಾಲು?

ಅಲ್ಲಿಯ ಕಾರ್ಯಕರ್ತೆಯೂ ಒಬ್ಬ ತಾಯಿ. ಊರ ಮಕ್ಕಳನ್ನೆಲ್ಲ ನೋಡಿಕೊಳ್ಳುವವಳಿಗೆ ಸರ್ಕಾರ ಸಂಬಳ ಕೊಡುವುದಿಲ್ಲ, 'ಗೌರವಧನ' ಕೊಡುತ್ತದೆ. ಅವರಿಗೆ ಗ್ರಾಚ್ಯುಯಿಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ತಾಯ್ತನಕ್ಕೆ ಗೌರವ, ದುಡಿಮೆಗೆ ನಾಮ. ಇದೇ ಈ ವ್ಯವಸ್ಥೆಯ ಹುನ್ನಾರ.

2005ರ ಉದ್ಯೋಗ ಖಾತ್ರಿ ಕಾಯಿದೆ ಒಂದು ಒಳ್ಳೆಯ ಮಾತು ಬರೆದಿತ್ತು: ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದಿದ್ದರೆ, ಅವರನ್ನು ನೋಡಿಕೊಳ್ಳಲೆಂದೇ ಒಬ್ಬ ಹೆಂಗಸನ್ನು ನೇಮಿಸಬೇಕು, ಅದನ್ನೂ ಕೂಲಿಯೆಂದೇ ಎಣಿಸಬೇಕು. ಮಗು ನೋಡಿಕೊಳ್ಳುವುದೂ ಕೆಲಸ ಎಂದು ಒಪ್ಪಿದ ಕಾನೂನು ಅದು. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿತು. ನಿಮ್ಮ ಪಂಚಾಯಿತಿಯ ಕೂಸಿನ ಮನೆಗೆ ಒಮ್ಮೆ ಹೋಗಿ ಬನ್ನಿ, ಗೆಳೆಯರೇ. ಬೀಗ ಇದೆಯೋ ಕೂಸು ಇದೆಯೋ ನೋಡಿ. ಕೇರಿಯ ಕೂಸು ಊರ ಕೂಸಿನ ಪಕ್ಕ ಮಲಗುತ್ತಿದೆಯೋ ನೋಡಿ.

ಇದೆಲ್ಲ ಕೈಕೊಟ್ಟ ಕಡೆ ಕೊನೆಗೆ ಕೂಸನ್ನು ಎತ್ತಿಕೊಳ್ಳುವ ಕೈ ಒಂದೇ. ಹಿರಿ ಮಗಳ ಕೈ. ಹತ್ತು ವರ್ಷದ ಹುಡುಗಿ, ಸೊಂಟದ ಮೇಲೆ ತಮ್ಮ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣ ಹಕ್ಕು ಎಂದು 2009ರ ಕಾಯಿದೆ ಹೇಳುತ್ತದೆ. ಆ ಹುಡುಗಿಯ ಹಾಜರಿಯಲ್ಲಿ ಗೈರು ಬೀಳುತ್ತ ಹೋಗುತ್ತದೆ. ಮೇಷ್ಟರು ಮನೆಗೆ ಬಂದು ತಾಯಿಗೆ ಬೈಯುತ್ತಾರೆ. ತಾಯಿ ತಲೆ ತಗ್ಗಿಸುತ್ತಾಳೆ. ಅವಳಿಗೆ ಎರಡು ಪಾಪ: ಚಿಕ್ಕದನ್ನು ಬಿಟ್ಟು ಹೋದದ್ದೂ ಪಾಪ, ದೊಡ್ಡದನ್ನು ಶಾಲೆ ಬಿಡಿಸಿದ್ದೂ ಪಾಪ. ಹುಡುಗಿಯೂ ಸುಮ್ಮನಿರುವುದಿಲ್ಲ. ತಮ್ಮ ಬಿದ್ದು ಹಣೆ ಒಡೆದುಕೊಂಡರೆ ಹತ್ತು ವರ್ಷಕ್ಕೇ 'ನನ್ನಿಂದ ತಪ್ಪಾಯ್ತು' ಅನ್ನಲು ಕಲಿಯುತ್ತಾಳೆ. ತಾಯಿಯ ತಲೆಯ ಗಂಟು ಹೀಗೆ ಮಗಳ ತಲೆಗೆ ಬರುತ್ತದೆ. ಆಸ್ತಿ ಇಲ್ಲದ ಕೇರಿಯಲ್ಲಿ ಹೆಣ್ಣಿನಿಂದ ಹೆಣ್ಣಿಗೆ ಇಳಿದು ಬರುವ ಪಿತ್ರಾರ್ಜಿತ ಇದೊಂದೇ.

ಅದಕ್ಕೇ ನಾವು ಹೇಳುವುದು. ಪಾಪದ ಗಂಟನ್ನು ಇಳಿಸುವುದು ಅವ್ವನ ಮನಸ್ಸಿನ ನೆಮ್ಮದಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಒಂದು ಹುಡುಗಿಯ ಶಾಲೆಯ ಪ್ರಶ್ನೆ ಅದು. ತಾಯಿ ತಲೆ ತಗ್ಗಿಸಿ ನಿಂತಷ್ಟು ದಿನ ಪಂಚಾಯಿತಿಯವರು ಆರಾಮಾಗಿರುತ್ತಾರೆ. 'ತಪ್ಪು ನನ್ನದಲ್ಲ, ಕೂಸಿನ ಮನೆಗೆ ಬೀಗ ಹಾಕಿದವರದು' ಎಂದು ಆಕೆ ತಲೆ ಎತ್ತಿದ ದಿನ ಬೀಗದ ಕೈ ಹುಡುಕಲು ಶುರುಮಾಡುತ್ತಾರೆ.

*

ಬಾಬಾಸಾಹೇಬರ ಹೆಸರು ಹೇಳುವ ನಾವು ಅವರು ತಾಯಂದಿರಿಗಾಗಿ ಆಡಿದ ಮಾತುಗಳನ್ನು ಎಷ್ಟು ಓದಿದ್ದೇವೆ? 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅವರು ಎದ್ದು ಬೆಂಬಲಿಸಿದರು. ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಹೊರೆಯನ್ನು ಹೆಚ್ಚಿನ ಪಾಲು ಸರ್ಕಾರವೇ ಹೊರಬೇಕು ಎಂಬುದು ಅವರ ವಾದದ ತಿರುಳು. ಗಮನಿಸಿ: ತಾಯಿ ತ್ಯಾಗಮಯಿ ಎಂದು ಅವರು ಕೊಂಡಾಡಲಿಲ್ಲ. ಯಾರು ದುಡ್ಡು ಕೊಡಬೇಕು ಎಂದು ಮಾತಾಡಿದರು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಗೊತ್ತುವಳಿ ಬಂದಾಗ, ಹೆರಿಗೆಯ ನೋವು ಗಂಡಸಿಗೆ ಬರುವ ಹಾಗಿದ್ದರೆ ಒಬ್ಬನೂ ಒಂದಕ್ಕಿಂತ ಹೆಚ್ಚು ಮಗು ಹೆರಲು ಒಪ್ಪುತ್ತಿರಲಿಲ್ಲ ಎಂಬರ್ಥದ ಮಾತು ಅವರ ಭಾಷಣದಲ್ಲಿತ್ತು. ಗೊತ್ತುವಳಿ ಸೋತಿತು. ಸೋಲಿಸಿದವರಲ್ಲಿ ಹೆತ್ತವರು ಎಷ್ಟು ಮಂದಿ ಇದ್ದರೋ!

ಬಾಬಾಸಾಹೇಬರ ತಾಯಿ ಭೀಮಾಬಾಯಿ ಅವರು ಇನ್ನೂ ಎಳೆಯವರಿದ್ದಾಗಲೇ ತೀರಿಕೊಂಡರು. ಸಾಕಿದ್ದು ಸೋದರತ್ತೆ ಮೀರಾಬಾಯಿ. ತಾಯಿ ಇಪ್ಪತ್ತನಾಲ್ಕು ಗಂಟೆ ಪಕ್ಕದಲ್ಲಿ ಇರದಿದ್ದರೆ ಮಗು ಹಾಳಾಗುತ್ತದೆ ಅನ್ನುವವರು ಈ ಮಗುವನ್ನು ನೋಡಲಿ. ಸಾವಿತ್ರಿಬಾಯಿ ಫುಲೆ ಹೆರಲಿಲ್ಲ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು, ಬ್ರಾಹ್ಮಣ ವಿಧವೆಯೊಬ್ಬಳ ಮಗುವನ್ನು ತಮ್ಮದೆಂದು ಸಾಕಿದರು, 1897ರಲ್ಲಿ ಪ್ಲೇಗು ಬಂದ ಜನರ ಸೇವೆ ಮಾಡುತ್ತಲೇ ಅದೇ ಪ್ಲೇಗಿಗೆ ಬಲಿಯಾದರು. ಹೆರದವಳು ಬಂಜೆ ಎಂದು ಮುಖ ತಿರುಗಿಸುವ ಸಮಾಜಕ್ಕೆ ಇದಕ್ಕಿಂತ ಉತ್ತರ ಬೇಕೆ?

ರಮಾಬಾಯಿ ತಾಯಿಯ ಫೋಟೋ ಇಲ್ಲದ ನಮ್ಮ ಕಾರ್ಯಕ್ರಮ ಇಲ್ಲ. 'ತ್ಯಾಗಮೂರ್ತಿ' ಎಂದು ಭಾಷಣ ಮಾಡುತ್ತೇವೆ. ಆಕೆ ಹೆತ್ತ ಐದು ಮಕ್ಕಳಲ್ಲಿ ನಾಲ್ಕನ್ನು ಮಣ್ಣು ಮಾಡಿದರು. 1935ರಲ್ಲಿ ತಾವೂ ಹೋದರು. ಆ ನಾಲ್ಕು ಮಕ್ಕಳನ್ನು ತಾಯಿಯ ಅಜಾಗ್ರತೆ ಕೊಂದಿತೆಂದು ಹೇಳುವ ಧೈರ್ಯ ಯಾರಿಗಾದರೂ ಇದೆಯೇ? ಇಲ್ಲ. ಬಡತನ ಎನ್ನುತ್ತೇವೆ, ಅಸ್ಪೃಶ್ಯತೆ ಎನ್ನುತ್ತೇವೆ, ಸರಿಯಾಗಿಯೇ ಎನ್ನುತ್ತೇವೆ. ರಮಾತಾಯಿಗೆ ಕೊಡುವ ಆ ನ್ಯಾಯವನ್ನು ಪಕ್ಕದ ಗುಡಿಸಲಿನ ತಾಯಿಗೆ ಯಾಕೆ ಕೊಡುವುದಿಲ್ಲ?

*

ಚಳವಳಿಯ ಗಂಡಸು ಗೆಳೆಯರಿಗೆ ಒಂದೆರಡು ಮಾತು. ಕೋಪ ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ಪರವಾಗಿಲ್ಲ.

ಕನ್ನಡದಲ್ಲಿ ಅವ್ವನ ಬಗ್ಗೆ ಪದ್ಯ ಬರೆಯದ ಕವಿ ಕಡಿಮೆ. ಅವ್ವನ ಬೆವರು, ಅವ್ವನ ಹರಿದ ಸೀರೆ, ಅವ್ವನ ಬಿರುಕು ಬಿಟ್ಟ ಹಿಮ್ಮಡಿ. ಓದಿದರೆ ಕಣ್ಣು ತುಂಬುತ್ತದೆ. ಆದರೆ ಪದ್ಯ ಓದಿ ಮನೆಗೆ ಹೋದ ಕವಿಯ ತಟ್ಟೆ ತೊಳೆಯುವವರು ಯಾರು? 2019ರ ಸಮಯ ಬಳಕೆಯ ಸಮೀಕ್ಷೆ ಹೇಳಿದ್ದು ಇಷ್ಟು: ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಮಾಡದೇ ಇರುವ ಗಂಡಸರು ಈ ಲೆಕ್ಕಕ್ಕೂ ಬರುವುದಿಲ್ಲ. ಪುರೋಹಿತಶಾಹಿ ತಾಯಿಯನ್ನು ದೇವಿ ಮಾಡಿ ಗರ್ಭಗುಡಿಯಲ್ಲಿ ಕೂರಿಸಿತು. ನೀವು ಅವಳನ್ನು ಹಸಿವಿನ ದೇವಿ ಮಾಡಿ ಪದ್ಯದಲ್ಲಿ ಕೂರಿಸಿದರೆ ಆದ ವ್ಯತ್ಯಾಸ ಏನು? ದೇವಿಗೆ ಸುಸ್ತಾಗುವಂತಿಲ್ಲ, ದೇವಿಗೆ ಸಿಟ್ಟು ಬರುವಂತಿಲ್ಲ, ದೇವಿ 'ಇವತ್ತು ನನ್ ಕೈಲಾಗಲ್ಲ, ನೀನೇ ಮುದ್ದೆ ತಿರುವು' ಅನ್ನುವಂತಿಲ್ಲ. ನಮಗೆ ದೇವಿ ಬೇಡ. ಸುಸ್ತಾಗುವ, ಬೈಯುವ, ಮಲಗುವ, ನಗುವ ಮನುಷ್ಯಳು ಬೇಕು. ಅವ್ವನಿಗೆ ಪದ್ಯ ಬೇಡ ಅನ್ನುತ್ತಿಲ್ಲ. ಪದ್ಯದ ಜೊತೆ 100 ನಿಮಿಷ ಕೊಡಿ.

ಸಂಘಟನೆಯ ಸಭೆಗೆ ಹೆಂಗಸರು ಬರುವುದಿಲ್ಲ ಎಂದು ಪ್ರತಿ ವರದಿಯಲ್ಲೂ ಬರೆಯುತ್ತೀರಿ. ಸಭೆ ಇಡುವುದು ಸಂಜೆ ಏಳಕ್ಕೆ. ಒಲೆ ಹಚ್ಚುವ ಹೊತ್ತು, ಕೂಸು ಮಲಗಿಸುವ ಹೊತ್ತು. ಸಭೆಯ ಮೂಲೆಯಲ್ಲಿ ಒಂದು ಜೋಲಿ ಕಟ್ಟಿ, ಅದನ್ನು ತೂಗಲು ಒಬ್ಬ ಕಾರ್ಯಕರ್ತನನ್ನು ನಿಲ್ಲಿಸಿ. ಆಮೇಲೆ ವರದಿ ಬರೆಯಿರಿ.

ಓದಿ ನೌಕರಿ ಹಿಡಿದ ಅಕ್ಕತಂಗಿಯರಿಗೂ ಹೇಳಬೇಕಾದ್ದಿದೆ. ಟೀಚರು, ನರ್ಸು, ಗುಮಾಸ್ತೆ ಆಗಿರುವ ನಮ್ಮ ತಲೆಯ ಮೇಲೆ ಹೊಸ ಗಂಟು ಕೂತಿದೆ. ಮೇಲ್ಜಾತಿಯ ಹುಡುಗ ಪರೀಕ್ಷೆಯಲ್ಲಿ ಫೇಲಾದರೆ ಆ ಹುಡುಗ ಫೇಲು. ನಮ್ಮ ಹುಡುಗ ಫೇಲಾದರೆ ಇಡೀ ಜಾತಿ ಫೇಲು, ಮೀಸಲಾತಿ ಫೇಲು, ತಾಯಿ ಫೇಲು. ಅದಕ್ಕೇ ನಮ್ಮಲ್ಲಿ ಹಲವರು ಮಗುವನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಬೆಳೆಸುತ್ತಿದ್ದಾರೆ. ಇಂಗ್ಲಿಷು ಬರಬೇಕು, ಬಟ್ಟೆ ಕೊಳೆಯಾಗಬಾರದು, ಗಲಾಟೆ ಮಾಡಬಾರದು, ಮೊದಲಿಗನೇ ಆಗಬೇಕು. ಊರಿನವರ ಕಣ್ಣಿಗೆ ನಾವೂ ಕಡಿಮೆಯಿಲ್ಲ ಎಂದು ತೋರಿಸುವ ಕೆಲಸ ಐದು ವರ್ಷದ ಕೂಸಿನದಲ್ಲ. ದಡ್ಡರಾಗುವ, ತುಂಟರಾಗುವ, ಸಾಧಾರಣರಾಗಿ ಬಾಳುವ ಹಕ್ಕು ನಮ್ಮ ಮಕ್ಕಳಿಗೂ ಇದೆ. ಸಮಾನತೆ ಅಂದರೆ ಅದೂ ಸೇರಿ.

*

'ಹಾಗಾದರೆ ತಾಯಂದಿರು ಮಕ್ಕಳನ್ನು ಬೀದಿಗೆ ಬಿಟ್ಟು ಹೋಗಲಿ ಅಂತೀರಾ?' ಎಂದು ಕೇಳುವವರು ಕೇಳುತ್ತಾರೆ. ನಮ್ಮ ಮಾತನ್ನು ತಿರುಚುವುದು ಸುಲಭ, ಅದಕ್ಕೇ ಬಿಡಿಸಿ ಹೇಳುತ್ತೇವೆ. ದುಃಖ ಬೇರೆ, ಪಾಪ ಬೇರೆ. ಕೂಸಿಗೆ ಜ್ವರ ಇದ್ದಾಗ ಹೊಲದಲ್ಲಿದ್ದ ತಾಯಿಗೆ ಸಂಕಟ ಆಗುತ್ತದೆ. ಆ ಸಂಕಟ ಅವಳ ಪ್ರೀತಿಯದು, ಅದನ್ನು ಬಿಡು ಎಂದು ಹೇಳಲು ನಾವು ಯಾರು? ಆದರೆ ಪಾಪ, ಅಂದರೆ ಹೊಣೆ, ಅದು ಮಗುವಿಗೆ ಜ್ವರ ಎಂದರೂ ಅರ್ಧ ದಿನ ಬಿಡದ ಧಣಿಯದು. ಡಾಕ್ಟರನ್ನು ಹಾಕದ ಸರ್ಕಾರದ್ದು. ಜಗಲಿಯಲ್ಲಿ ಬೀಡಿ ಸೇದುತ್ತ ಕೂತು 'ಕೂಸು ಅಳ್ತದೆ ನೋಡು' ಎಂದು ಒಳಗೆ ಕೂಗಿದ ಗಂಡನದು. ಕತ್ತಲೆ ಹರಿಯುವ ಮುಂಚೆ ಪೊರಕೆ ಹಿಡಿದು ಮನೆ ಬಿಡುವ ಬೆಂಗಳೂರಿನ ಪೌರಕಾರ್ಮಿಕ ಹೆಂಗಸಿಗೆ ಮಗು ಏಳುವ ಹೊತ್ತು ಪಕ್ಕದಲ್ಲಿ ಇರಲಾಗುವುದಿಲ್ಲ. 2022ರ ಜುಲೈಯಲ್ಲಿ ಕೆಲಸ ಖಾಯಂ ಮಾಡಿ ಎಂದು ಅವರೆಲ್ಲ ಪೊರಕೆ ಕೆಳಗಿಟ್ಟು ಕೂತರು. ಕೂತದ್ದು ಮಕ್ಕಳಿಗಾಗಿಯೇ. ಮಗುವನ್ನು ತಬ್ಬಿಕೊಂಡು ಕಣ್ಣೀರು ಹಾಕುವುದಷ್ಟೇ ತಾಯ್ತನ ಎಂದು ಯಾರು ಹೇಳಿದರು? ಮುಷ್ಕರವೂ ತಾಯ್ತನವೇ.

ಹಳ್ಳಿ ಶಾಲೆಯ ಮೇಷ್ಟ್ರೇ, ಟೀಚರಮ್ಮನವರೇ, ನಿಮ್ಮಲ್ಲಿ ಬಹಳ ಮಂದಿ ನಮ್ಮವರೇ. ಮಗು ಶಾಲೆಗೆ ಬಾರದಿದ್ದರೆ 'ಪೋಷಕರ ನಿರ್ಲಕ್ಷ್ಯ' ಎಂದು ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿ: ಈ ತಾಯಿ ಎಷ್ಟು ಹೊತ್ತಿಗೆ ಮನೆ ಬಿಡುತ್ತಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ? ಆ ಉತ್ತರವನ್ನು ಬರೆಯಿರಿ. ತಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದ ಹುಡುಗಿಯನ್ನು ವಾಪಸು ಕಳಿಸಬೇಡಿ, ಇಬ್ಬರಿಗೂ ಜಾಗ ಕೊಡಿ, ಪಂಚಾಯಿತಿಗೆ ಅರ್ಜಿ ಬರೆದುಕೊಡಿ. ವಿದ್ಯಾರ್ಥಿ ಮಿತ್ರರೇ, ರಜೆಗೆ ಊರಿಗೆ ಹೋದಾಗ ಕೂಸಿನ ಮನೆಯ ಲೆಕ್ಕ ಕೇಳಿ, ಅಂಗನವಾಡಿಯ ಮೊಟ್ಟೆ ಎಣಿಸಿ, ಯೋಜನೆಯ ದುಡ್ಡು ಯಾರಿಗೆ ಬಂತು ಯಾರಿಗೆ ಬರಲಿಲ್ಲ ಪಟ್ಟಿ ಮಾಡಿ. ಬಂಡಾಯ ಅಂದರೆ ವೇದಿಕೆ ಮಾತ್ರ ಅಲ್ಲ.

ಅವ್ವಂದಿರೇ, ನೀವು ಇದನ್ನು ಓದಲಾರಿರಿ. ಓದಬಲ್ಲವರು ಜಗಲಿಯ ಮೇಲೆ ಕೂತು ನಿಮಗೆ ಓದಿ ಹೇಳಲಿ. ನೀವು ಕೆಟ್ಟ ತಾಯಂದಿರಲ್ಲ. ಒಳ್ಳೆಯ ತಾಯಂದಿರೂ ಆಗಬೇಕಾಗಿಲ್ಲ. ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರೆದವರು ಒಂದು ದಿನವೂ ನಿಮ್ಮ ಹಾಗೆ ಬದುಕಿದವರಲ್ಲ. ತಂಗಳು ಕೊಟ್ಟದ್ದಕ್ಕೆ, ಹೊಡೆದದ್ದಕ್ಕೆ, ಬಿಟ್ಟು ಹೋದದ್ದಕ್ಕೆ, ಓದಿಸಲಾಗದ್ದಕ್ಕೆ ರಾತ್ರಿಯೆಲ್ಲ ಗೋಡೆ ಕಡೆ ತಿರುಗಿ ಅತ್ತದ್ದು ಸಾಕು. ಆ ಗಂಟು ಇಳಿಸಿ. ಇಳಿಸಿ ಬಿಚ್ಚಿ ನೋಡಿ. ಒಳಗೆ ಇರುವ ಒಂದೊಂದು ಸಾಲದ ಮೇಲೂ ಒಬ್ಬೊಬ್ಬರ ಹೆಸರಿದೆ: ಧಣಿಯದು, ಗುತ್ತಿಗೆದಾರನದು, ಮಠದ್ದು, ಸರ್ಕಾರದ್ದು, ಗಂಡನದು. ಹೆಸರು ನೋಡಿಕೊಂಡು ಅವರವರ ಬಾಗಿಲಿಗೆ ಹೋಗಿ ಅವರವರ ಪಾಲು ಇಟ್ಟು ಬರೋಣ. ಒಬ್ಬೊಬ್ಬರೇ ಬೇಡ, ಕೇರಿಯೆಲ್ಲ ಕೂಡಿಯೇ ಹೋಗೋಣ. ಕೂಸುಗಳನ್ನೂ ಎತ್ತಿಕೊಂಡು ಹೋಗೋಣ.